ಯುಗಾದಿಗೆ ಮಾಡು ಮುಚ್ಚಿರಬೇಕು: ಮಲೆನಾಡಿನ ಮನೆ ರಿಪೇರಿ ಎಲ್ಲಿ ತಡ ಆಗುತ್ತೆ, ತಪ್ಪಿಸೋದು ಹೇಗೆ?

ಶಿವಮೊಗ್ಗ: ದೀಪಾವಳಿ ಮುಗೀತು, ತುಳಸಿ ಪೂಜೆಯೂ ಆಯ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ಎಲ್ಲಿ ಹೋದರೂ ಎರಡೇ ಮಾತು. ಒಂದು ಅಡಿಕೆ ಕೊಯ್ಲು, ಇನ್ನೊಂದು ಮನೆ ರಿಪೇರಿ. ಮಳೆಗಾಲದಲ್ಲಿ ಸೋರಿದ ಮಾಡು, ಗೆದ್ದಲು ಹಿಡಿದ ಪಕಾಸು, ಜಾರೋ ಬಚ್ಚಲು, ಮಗನ ಮದುವೆ ಒಳಗೆ ಆಗಬೇಕಾದ ಹೊಸ ಅಡುಗೆಮನೆ. ಎಲ್ಲದಕ್ಕೂ ಮೇಸ್ತ್ರಿ ಹೇಳೋದು ಒಂದೇ ಲೆಕ್ಕ: ಎರಡು ತಿಂಗಳು ಸಾಕು. ಆ ಎರಡು ತಿಂಗಳು ಆರು ತಿಂಗಳಾಗಿದ್ದನ್ನ ನೋಡದ ಮನೆ ಈ ಭಾಗದಲ್ಲಿ ಕಮ್ಮಿ.

ಬಯಲುಸೀಮೆಯಲ್ಲಿ ಕೆಲಸ ತಡ ಆದರೆ ದುಡ್ಡು, ನೆಮ್ಮದಿ ಹೋಗುತ್ತೆ. ಮಲೆನಾಡಲ್ಲಿ ತಡ ಆದರೆ ಮನೆಯೊಳಗೆ ಮಳೆ ಬರುತ್ತೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತೆ. ಇಂಥ ಸೀಮೆಯಲ್ಲಿ ಟಾರ್ಪಾಲ್ ಕಟ್ಟಿಕೊಂಡು ಮಳೆಗಾಲ ಕಳೀತೀವಿ ಅನ್ನೋದು ಆಗದ ಮಾತು. ಮಣ್ಣಿನ ಗೋಡೆಗೆ ಮೇಲಿಂದ ನೀರು ಇಳಿದರೆ ರಿಪೇರಿ ಅಲ್ಲ, ಗೋಡೆಯನ್ನೇ ಹೊಸದಾಗಿ ಕಟ್ಟಬೇಕಾಗುತ್ತೆ.

ಕಳೆದ ಮೇ ಕಲಿಸಿದ ಪಾಠ

ಜೂನ್ ಮೊದಲ ವಾರದವರೆಗೆ ಟೈಮ್ ಇದೆ ಅಂತ ಲೆಕ್ಕ ಹಾಕೋದು ಇಲ್ಲಿನ ರೂಢಿ. ಕೇರಳಕ್ಕೆ ಮುಂಗಾರು ಬರೋದು ಸಾಮಾನ್ಯವಾಗಿ ಜೂನ್ 1ಕ್ಕೆ, ನಮ್ಮ ಕಡೆಗೆ ಅದಾದ ಮೇಲೆ. ಆದರೆ 2025ರಲ್ಲಿ ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು. ಎಂಟು ದಿನ ಮೊದಲು. ಅದೇ ದಿನ ಕರ್ನಾಟಕದ ಕೆಲವು ಭಾಗಕ್ಕೂ ಕಾಲಿಟ್ಟಿತು. ಇನ್ನೊಂದು ವಾರದಲ್ಲಿ ಹೆಂಚು ಕೂರಿಸಿದರಾಯ್ತು ಅಂತ ಇದ್ದವರಿಗೆ ಆ ವಾರವೇ ಸಿಗಲಿಲ್ಲ.

ಅಂದರೆ ಕೊನೆ ದಿನಾಂಕ ಇರೋದು ಜೂನ್‌ನಲ್ಲಿ ಅಲ್ಲ. ಮೇ ತಿಂಗಳನ್ನೂ ನಂಬೋ ಹಾಗಿಲ್ಲ. ಏಪ್ರಿಲ್‌ನಲ್ಲಿ ಗಾಳಿ, ಗುಡುಗಿನ ಜೊತೆ ಬರೋ ಅಡ್ಡ ಮಳೆ ಒಂದೇ ಸಂಜೆಯಲ್ಲಿ ತೆರೆದ ಮಾಡಿನ ಕಥೆ ಮುಗಿಸುತ್ತೆ. ಈ ಸಲದ ಕ್ಯಾಲೆಂಡರ್ ಮುಂದಿಟ್ಟು ನೋಡಿದರೆ ಮಾಡಿನ ಕೆಲಸಕ್ಕೆ ಸುರಕ್ಷಿತ ಅನ್ನಬಹುದಾದ ಕೊನೆ ದಿನ ಯುಗಾದಿ, ಅಂದರೆ 2026ರ ಮಾರ್ಚ್ 19.

ಏಳು ತಿಂಗಳಲ್ಲ, ಐದು ವಾರ

ನವೆಂಬರ್‌ನಿಂದ ಮೇವರೆಗೆ ಏಳು ತಿಂಗಳು ಒಣ ಹವೆ ಅಂತ ಅನ್ನಿಸುತ್ತೆ. ಬಿಡಿಸಿ ನೋಡಿದರೆ ಅದರಲ್ಲಿ ಮನೆ ಕೆಲಸಕ್ಕೆ ಸಿಗೋದು ತುಂಬ ಕಮ್ಮಿ.

ಮೊದಲನೇದು ಕೊಯ್ಲು. ಈಗಿಂದ ಜನವರಿ ಕೊನೆ, ಕೆಲವು ಕಡೆ ಫೆಬ್ರವರಿವರೆಗೂ ಅಡಿಕೆ ಕೆಲಸವೇ ಕೆಲಸ. ಕೊನೆಗೌಡ ಬಂದ ದಿನ ಮನೆ ಮಂದಿಯೆಲ್ಲ ತೋಟದಲ್ಲಿ. ರಾತ್ರಿ ಜಗಲಿ ಮೇಲೆ ಸುಲಿಯೋರು, ಹಿತ್ತಿಲಲ್ಲಿ ಬೇಯಿಸೋ ಹಂಡೆ, ಅಂಗಳದಲ್ಲಿ ಒಣಗೋ ಅಡಿಕೆ. ಆ ಅಂಗಳದಲ್ಲಿ ಮರಳು, ಜಲ್ಲಿ ಸುರಿಸೋ ಹಾಗಿಲ್ಲ. ಹೆಂಚು ಇಳಿಸಿದ ಧೂಳು ಅಡಿಕೆ ಮೇಲೆ ಕೂತರೆ ಮಂಡಿಯಲ್ಲಿ ದರಕ್ಕೆ ಹೊಡೆತ. ಮನೆ ಕೆಲಸಕ್ಕೆ ಬರಬೇಕಾದ ಊರಿನ ಆಳುಗಳೂ ಈ ಸಮಯದಲ್ಲಿ ತೋಟದಲ್ಲೇ ಇರ್ತಾರೆ. ದುಡ್ಡು ಕೈಗೆ ಬರೋದೂ ಅಡಿಕೆ ಮಂಡಿಗೆ ಹೋದ ಮೇಲೆ.

ಎರಡನೇದು ಹೊರಗಿನ ಕೆಲಸಗಾರರು. ಟೈಲ್ಸ್, ಸೆಂಟ್ರಿಂಗ್, ಪೇಂಟಿಂಗ್ ಕೆಲಸಕ್ಕೆ ಈಗ ಬಿಹಾರ, ಬಂಗಾಳ, ಅಸ್ಸಾಂ ಕಡೆಯವರೂ ಬರ್ತಾರೆ. ಛಠ್ ಪೂಜೆ, ಅದರ ಬೆನ್ನಿಗೇ ನವೆಂಬರ್ 6 ಮತ್ತು 11ರ ಬಿಹಾರ ಮತದಾನ ಅಂತ ಊರಿಗೆ ಹೋದವರು ವಾಪಸ್ ಬರೋದು ತಿಂಗಳ ಮಧ್ಯಕ್ಕೆ. ಪಶ್ಚಿಮ ಬಂಗಾಳ, ಅಸ್ಸಾಂ ವಿಧಾನಸಭೆಗಳ ಅವಧಿ 2026ರ ಮೇನಲ್ಲಿ ಮುಗಿಯುತ್ತೆ. ಹಾಗಾಗಿ ಅಲ್ಲಿನ ಚುನಾವಣೆ ಬರೋದು ಸರಿಯಾಗಿ ನಮ್ಮ ಕಡೆ ಕೆಲಸ ಜೋರಾಗೋ ಬೇಸಿಗೆಯಲ್ಲೇ. ಮಾರ್ಚ್ 19ಕ್ಕೆ ಯುಗಾದಿ, ಅದರ ಹಿಂದೆಯೇ ರಂಜಾನ್ ಹಬ್ಬ. ಹಬ್ಬಕ್ಕೆ ಅಂತ ಹೋದ ಗ್ಯಾಂಗ್ ಮತ ಹಾಕಿಯೇ ಬರ್ತೀವಿ ಅಂದರೆ ಕೇಳೋರು ಯಾರು?

ಮೂರನೇದು ಜಾತ್ರೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಹಿಂದಿನ ಸಲ 2023ರ ಫೆಬ್ರವರಿಯಲ್ಲಿ ಆಗಿತ್ತು, ಆ ಲೆಕ್ಕಕ್ಕೆ ಈಗ 2026ರ ಸರದಿ. ಜಾತ್ರೆಗೆ ನೆಂಟರು ಬರ್ತಾರೆ ಅಂತ ಮನೆಮನೆಗೂ ಸುಣ್ಣ ಬಣ್ಣ ಆಗಬೇಕು. ಪೇಂಟರ್‌ಗಳು ಆ ಒಂದು ತಿಂಗಳು ಫೋನ್ ಎತ್ತೋದೇ ಕಷ್ಟ.

ಇದನ್ನೆಲ್ಲ ಕಳೆದರೆ ಮಾಡು ಬಿಚ್ಚಿ ಮುಚ್ಚೋಕೆ ಉಳಿಯೋದು ಫೆಬ್ರವರಿ ಎರಡನೇ ವಾರದಿಂದ ಯುಗಾದಿವರೆಗಿನ ಐದು ವಾರ. ಅಷ್ಟೇ.

ಕೆಲಸಕ್ಕೆ ಎಷ್ಟು ದಿನ, ಕಾಯೋಕೆ ಎಷ್ಟು ದಿನ

ಸಾಮಾನು ಕೈಯಲ್ಲಿದ್ದು, ಆಳು ತಪ್ಪದೆ ಬಂದರೆ ಒಂದೊಂದು ಕೆಲಸಕ್ಕೆ ಬೇಕಾಗೋ ಸಮಯದ ಅಂದಾಜು ಹೀಗಿದೆ:

- ಹಳೇ ಬಚ್ಚಲು ಒಡೆದು ಹೊಸ ಪೈಪು, ಟೈಲ್ಸ್: 15ರಿಂದ 20 ದಿನ
- ಅಡುಗೆಮನೆ ಕಟ್ಟೆ, ಟೈಲ್ಸ್, ಕಪಾಟು: 4ರಿಂದ 6 ವಾರ
- 1,200 ಚದರಡಿ ಮನೆಯ ಹೆಂಚು ಇಳಿಸಿ, ಪಕಾಸು ರೀಪು ಬದಲಿಸಿ, ವಾಪಸ್ ಕೂರಿಸೋದು: 4 ವಾರ
- ಇರೋ ಮನೆಗೆ ಒಂದು ಆರ್‌ಸಿಸಿ ಕೋಣೆ ಸೇರಿಸೋದು: ಎರಡೂವರೆಯಿಂದ 3 ತಿಂಗಳು
- ಮಾಡು, ನೆಲ, ವೈರಿಂಗ್, ಬಚ್ಚಲು, ಬಣ್ಣ ಎಲ್ಲ ಸೇರಿ ಪೂರ್ತಿ ಮನೆ: 5ರಿಂದ 6 ತಿಂಗಳು

ಇದರಲ್ಲಿ ಕಾಯಲೇಬೇಕಾದ ದಿನಗಳೂ ಸೇರಿವೆ. ಅವನ್ನ ಯಾವ ಮೇಸ್ತ್ರಿಯೂ ಉಳಿಸೋಕೆ ಆಗಲ್ಲ. ಕಾಂಕ್ರೀಟ್ ಕೆಲಸಕ್ಕೆ ದೇಶದ ಮಾನದಂಡ ಐಎಸ್ 456. ಅದರ ಪ್ರಕಾರ ಸಾದಾ ಒಪಿಸಿ ಸಿಮೆಂಟ್ ಆದರೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟ್ ಆದರೆ ಅಥವಾ ಬಿಸಿಲು ಜೋರಿದ್ದರೆ ಕನಿಷ್ಠ 10 ದಿನ ನೀರು ಹಿಡಿಯಬೇಕು. ಸ್ಲ್ಯಾಬಿನ ಅಗಲ 4.5 ಮೀಟರ್, ಅಂದರೆ ಸುಮಾರು 15 ಅಡಿ ಒಳಗಿದ್ದರೆ ಕೆಳಗಿನ ಕಂಬ 7 ದಿನ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಅಂಗಡಿಯಿಂದ ತಂದ ಚೀಲದ ಮೇಲೆ ಒಪಿಸಿನೋ ಪಿಪಿಸಿನೋ ಬರೆದಿರುತ್ತೆ, ನೋಡಿಕೊಳ್ಳಿ.

ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಹಾಕಿದ ಮೇಲೆ ನೀರು ಕಟ್ಟಿ ಒಂದೆರಡು ದಿನ ಬಿಟ್ಟು, ಸೋರಲ್ಲ ಅಂತ ಗ್ಯಾರಂಟಿ ಆದ ಮೇಲೇ ಟೈಲ್ಸ್ ಕೂರಿಸಬೇಕು. ಹೊಸ ಗಾರೆ ಪೂರ್ತಿ ಒಣಗೋಕೆ ಸುಮಾರು ನಾಲ್ಕು ವಾರ ಬೇಕು. ಹಸಿ ಗೋಡೆಗೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಮೊದಲ ಮಳೆಗಾಲಕ್ಕೇ ಗುಳ್ಳೆ ಏಳುತ್ತೆ. ಅವಸರ ಮಾಡಿ ಉಳಿಸಿದ ಹತ್ತು ದಿನಕ್ಕೆ ಮುಂದಿನ ವರ್ಷ ಇಡೀ ಕೆಲಸವನ್ನೇ ದಂಡ ಕಟ್ಟಬೇಕು.

ಹಾಗಾದರೆ ತಡ ಆಗೋದೆಲ್ಲಿ? ಕೆಲಸದಲ್ಲಿ ಅಲ್ಲ, ಒಬ್ಬ ಮುಗಿಸಿ ಇನ್ನೊಬ್ಬ ಬರೋ ನಡುವೆ. ಒಂದು ಬಚ್ಚಲನ್ನೇ ತಗೊಳ್ಳಿ. ಒಡೆಯೋಕೆ ಎರಡು ದಿನ, ಪ್ಲಂಬರ್‌ಗೆ ಮೂರು ದಿನ, ಗಾರೆ ಎರಡು ದಿನ, ಟೈಲ್ಸ್ ನಾಲ್ಕು ದಿನ, ನಲ್ಲಿ ಕಮೋಡ್ ಜೋಡಿಸೋಕೆ ಒಂದು ದಿನ. ಕೈ ಆಡಿಸೋ ಕೆಲಸ ಒಟ್ಟು ಹನ್ನೆರಡು ದಿನ. ಗಾರೆ, ವಾಟರ್‌ಪ್ರೂಫಿಂಗ್ ಒಣಗೋಕೆ ಇನ್ನೊಂದು ವಾರ. ಆದರೆ ಒಡೆದ ಮೇಲೆ ಪ್ಲಂಬರ್‌ಗೆ ಫೋನ್ ಮಾಡಿದರೆ ಅವನು ಬೇರೆ ಸೈಟಲ್ಲಿ. ಅವನು ಬಂದಾಗ ಯಾವ ಕಮೋಡ್ ಅಂತ ಮನೆಯವರೇ ತೀರ್ಮಾನ ಮಾಡಿರಲ್ಲ. ಗೋಡೆಗೆ ಕೂರೋದಾ, ನೆಲಕ್ಕಾ ಅಂತ ಗೊತ್ತಾಗದೆ ಪೈಪ್ ಎಳೆಯೋಕೆ ಆಗಲ್ಲ. ಟೈಲ್ಸ್‌ನವನು ಬಂದ ದಿನ ಎರಡು ಬಾಕ್ಸ್ ಕಮ್ಮಿ. ತರಿಸೋಣ ಅಂದರೆ ಶಿವಮೊಗ್ಗದ ಅಂಗಡಿಯಲ್ಲಿ ಆ ಬ್ಯಾಚ್ ಖಾಲಿ. ಹೀಗೆ ಮೂರು ವಾರದ ಕೆಲಸ ಎರಡು ತಿಂಗಳಿಗೆ ಎಳೆಯುತ್ತೆ. ಇದರಲ್ಲಿ ಸೋಮಾರಿತನ ಯಾರದ್ದೂ ಇಲ್ಲ.

ಮೇಸ್ತ್ರಿ ಯಾಕೆ ಕೈಗೆ ಸಿಗಲ್ಲ

'ನಾಡಿದ್ದು ಬರ್ತೀನಿ ಗೌಡ್ರೆ' ಅಂದ ಮೇಸ್ತ್ರಿ ಎರಡು ವಾರ ಕಾಣೋದಿಲ್ಲ. ಬೈಯೋದು ಸುಲಭ. ಆದರೆ ಅವನ ಲೆಕ್ಕವೂ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನಿಗೆ ಹೊರಗಿನ ಕೆಲಸ ಹೆಚ್ಚುಕಮ್ಮಿ ಇರಲ್ಲ. ವರ್ಷದ ಸಂಪಾದನೆ ಈ ಕೆಲವೇ ತಿಂಗಳಲ್ಲಿ ಆಗಬೇಕು. ಒಂದೇ ಮನೆ ಹಿಡಿದರೆ, ಆ ಮನೆಯವರು ಮರ ತಂದಿಲ್ಲ, ದುಡ್ಡು ಬಂದಿಲ್ಲ ಅಂತ ನಿಲ್ಲಿಸಿದ ದಿನ ಅವನ ನಾಲ್ಕು ಆಳಿಗೆ ಕೂಲಿ ಕೊಡೋರಿಲ್ಲ. ಹಾಗಾಗಿ ಮೂರು ನಾಲ್ಕು ಮನೆಯ ಅಡ್ವಾನ್ಸ್ ಹಿಡಿದಿರ್ತಾನೆ. ಯಾವ ಮನೆಯಲ್ಲಿ ಸಾಮಾನು ರೆಡಿ ಇದೆಯೋ ಅಲ್ಲಿಗೆ ಹೋಗ್ತಾನೆ.

ಇದರಲ್ಲೇ ಉಪಾಯವೂ ಇದೆ. ಸಾಮಾನು ಅಂಗಳದಲ್ಲಿದ್ದು, ವಾರದ ಬಟವಾಡೆ ಸಂತೆ ದಿನಕ್ಕೆ ತಪ್ಪದೆ ಸಿಗೋ ಮನೆಗೆ ಮೇಸ್ತ್ರಿ ಮೊದಲು ಬರ್ತಾನೆ. ದೊಡ್ಡ ಅಡ್ವಾನ್ಸ್ ಕೊಟ್ಟು ಹಿಡಿದಿಟ್ಟುಕೊಳ್ತೀವಿ ಅನ್ನೋದು ತಪ್ಪು ಲೆಕ್ಕ. ಕೆಲಸ ಎಷ್ಟು ಆಯ್ತೋ ಅಷ್ಟಕ್ಕೆ, ಹಂತ ಹಂತವಾಗಿ ಕೊಡಬೇಕು. ಹೆಂಚು ಇಳಿದಾಗ ಇಷ್ಟು, ಪಕಾಸು ಕೂತಾಗ ಇಷ್ಟು, ಮಾಡು ಮುಚ್ಚಿದಾಗ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಸುಮಾರು ಹತ್ತನೇ ಒಂದು ಭಾಗ ಕೊನೆಗೆ ಉಳಿಸಿಕೊಂಡು, ಸಣ್ಣಪುಟ್ಟ ಬಾಕಿ ಎಲ್ಲ ಮುಗಿದ ದಿನ ಮರ್ಯಾದೆಯಾಗಿ ಕೊಟ್ಟುಬಿಡಬೇಕು.

'ಹೆಂಗೂ' ಅನ್ನೋ ಒಂದು ಮಾತು

ಮನೆಯವರ ಕಡೆಯಿಂದ ಆಗೋ ತಡಕ್ಕೆ ದೊಡ್ಡ ಕಾರಣ ಈ ಮಾತು. ಹೆಂಗೂ ಗೋಡೆ ಒಡೆದಾಗಿದೆ, ಕಿಟಕಿ ದೊಡ್ಡದು ಮಾಡಿಬಿಡಿ. ಹೆಂಗೂ ಮೇಸ್ತ್ರಿ ಬಂದಿದಾರೆ, ಕೊಟ್ಟಿಗೆಯದ್ದೂ ನೋಡಿಬಿಡಲಿ. ಹೆಂಗೂ ಟೈಲ್ಸ್ ತರ್ತಾ ಇದೀವಿ, ಜಗಲಿಗೂ ಹಾಕಿಸೋಣ. ಒಂದೊಂದು ಹೆಂಗೂಗೂ ಹೊಸ ಅಳತೆ, ಹೊಸ ಸಾಮಾನು, ಹೊಸ ರೇಟು. ಕಿಟಕಿ ದೊಡ್ಡದು ಮಾಡೋಕೆ ಮೇಲೊಂದು ಲಿಂಟಲ್ ಬೇಕು, ಅದಕ್ಕೆ ಮತ್ತೆ ಹತ್ತು ದಿನ ನೀರು.

ಸೇರಿಸಲೇಬಾರದು ಅಂತಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಒಂದು ಪಟ್ಟಿ ಮಾಡಿ ಇಟ್ಟು, ಮಾಡು ಮುಚ್ಚಿದ ಮೇಲೆ ಆ ಪಟ್ಟಿ ತೆಗೀಬೇಕು. ಮನೆಯಲ್ಲಿ ಅಜ್ಜ, ಅಪ್ಪ, ಬೆಂಗಳೂರಲ್ಲಿರೋ ಮಗ, ಸೊಸೆ ಎಲ್ಲರೂ ಮೇಸ್ತ್ರಿಗೆ ಒಂದೊಂದು ಹೇಳಿದರೆ ಅವನು ಯಾರದ್ದನ್ನೂ ಮಾಡಲ್ಲ. ಹೇಳೋರು ಒಬ್ಬರೇ ಇರಲಿ. ಅಡುಗೆಮನೆ ಕಟ್ಟೆ ಎತ್ತರ, ಒಲೆ ಜಾಗ, ನಲ್ಲಿ ಎಲ್ಲಿ ಅನ್ನೋದನ್ನ ಮಾತ್ರ ದಿನಾ ಅಲ್ಲಿ ಕೆಲಸ ಮಾಡೋರನ್ನೇ ಕೇಳಿ, ಮೊದಲೇ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿ. ಕಟ್ಟಿದ ಮೇಲೆ ಒಡೆಸೋದು ಹೆಚ್ಚಾಗಿ ಇವೇ ಮೂರು.

ಹಳೇ ಮನೆಯ ಹೊಟ್ಟೆಯಲ್ಲಿ ಏನಿದೆ

ಹೊಸ ಮನೆ ಕಟ್ಟೋದಕ್ಕಿಂತ ಹಳೇದು ರಿಪೇರಿ ಮಾಡೋದರಲ್ಲಿ ಅಂದಾಜು ತಪ್ಪೋದು ಜಾಸ್ತಿ. ಕೆಳಗಿಂದ ನೋಡಿದರೆ ಗಟ್ಟಿ ಕಾಣೋ ಪಕಾಸು ಮೇಲ್ಗಡೆ ಗೆದ್ದಲು ತಿಂದು ಟೊಳ್ಳಾಗಿರುತ್ತೆ. ಎಂಟು ಪಕಾಸು ಅಂತ ಲೆಕ್ಕ ಹಾಕಿ ಶುರು ಮಾಡಿದವರು ಬಿಚ್ಚಿದ ಮೇಲೆ ಇಪ್ಪತ್ತು ಹುಡುಕ್ತಾರೆ. ಆ ಹನ್ನೆರಡು ಪಕಾಸಿಗಾಗಿ ಮಾಡು ಮೂರು ವಾರ ತೆರೆದಿರುತ್ತೆ.

ಆದ್ದರಿಂದ ಈ ತಿಂಗಳೇ ಬಡಗಿಯನ್ನ ಕರೆಸಿ, ನಾಲ್ಕು ಕಡೆ ಹತ್ತು ಹತ್ತು ಹೆಂಚು ತೆಗೆಸಿ ಮರ ಕುಟ್ಟಿ ನೋಡಿಸಬೇಕು. ಮೊದಲು ನೋಡಬೇಕಾದ್ದು ಸೋರಿದ ಕಲೆ ಇರೋ ಜಾಗ, ಗೋಡೆ ಮೇಲೆ ತೊಲೆ ಕೂತ ಜಾಗ ಮತ್ತು ಎರಡು ಮಾಡು ಸೇರೋ ಮೂಲೆ. ಅರ್ಧ ದಿನದ ಕೂಲಿ ಖರ್ಚಾಗುತ್ತೆ, ಲೆಕ್ಕ ಸರಿಯಾಗಿ ಸಿಗುತ್ತೆ. ಅಂದಾಜಿಗಿಂತ ನಾಲ್ಕನೇ ಒಂದು ಭಾಗ ಹೆಚ್ಚಿಗೆ ಮರ ಇಟ್ಟುಕೊಂಡರೆ ನಷ್ಟ ಇಲ್ಲ. ಉಳಿದದ್ದು ಕೊಟ್ಟಿಗೆಗೆ ಆಗುತ್ತೆ.

ಸ್ವಂತ ಜಮೀನಿನ ಮರ ಅಂತ ಧೈರ್ಯ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯ. ಸಾಗುವಾನಿ, ಬೀಟೆಯಂಥ ಮರ ಕಡಿಯೋಕೂ ಸಾಗಿಸೋಕೂ ಅರಣ್ಯ ಇಲಾಖೆ ಅನುಮತಿ ಬೇಕು. ಅರ್ಜಿ, ಸ್ಥಳ ಪರಿಶೀಲನೆ ಅಂತ ವಾರಗಟ್ಟಲೆ ಹೋಗುತ್ತೆ. ಅನುಮತಿ ಸಿಕ್ಕು ಕೊಯ್ಯಿಸಿದ ಮೇಲೂ ಹಸಿ ಮರವನ್ನ ಹಾಗೇ ಏರಿಸಿದರೆ ಬಾಗುತ್ತೆ, ಸೀಳುತ್ತೆ. ಒಣಗಿದ ಮರ ಇಲ್ಲದವರು ಈ ಸಲಕ್ಕೆ ಸಾಮಿಲ್‌ನಲ್ಲಿ ಸಿಗೋ ಒಣ ಮರ ಅಥವಾ ಕಬ್ಬಿಣದ ಪೈಪಿನ ಮಾಡು ಅಂತ ಈಗಲೇ ತೀರ್ಮಾನ ಮಾಡೋದು ಒಳ್ಳೇದು.

ಹೆಂಚಿನದ್ದು ಇನ್ನೊಂದು ಕಥೆ. ಇಳಿಸುವಾಗ ಒಂದಿಷ್ಟು ಒಡೆದೇ ಒಡೆಯುತ್ತೆ. ಮಂಗಳೂರು ಕಡೆಯ ಹಳೇ ಹೆಂಚಿನ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಹೊಸ ಹೆಂಚು ಹಳೇದರ ಪಕ್ಕ ಸರಿಯಾಗಿ ಕೂರಲ್ಲ, ಸಂದಿ ಬಿಡುತ್ತೆ. ಯಾರಾದರೂ ಹಳೇ ಮನೆ ಕೆಡವ್ತಾ ಇದ್ದರೆ ಅದೇ ಕಾರ್ಖಾನೆ ಮುದ್ರೆಯ ಹೆಂಚು ಈಗಲೇ ತಂದಿಟ್ಟುಕೊಳ್ಳಿ. ಮುದ್ರೆ ಹೆಂಚಿನ ಮೇಲೆಯೇ ಇರುತ್ತೆ.

ಕಾಗದ ಪತ್ರ

ಹೆಂಚು ಬದಲಿಸೋಕೆ, ಬಣ್ಣ ಹೊಡೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ. ಕೋಣೆ ಸೇರಿಸೋದು, ಮಹಡಿ ಏರಿಸೋದು ಆದರೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆ, ನಗರಸಭೆಯ ಅನುಮತಿ ಬೇಕು. ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಸಾಲಕ್ಕೆ ಬ್ಯಾಂಕಿಗೆ ಹೋದಾಗ ಇ-ಸ್ವತ್ತು ತನ್ನಿ ಅಂತಾರೆ. ಆಗ ವಂಶವೃಕ್ಷ, ಅಣ್ಣತಮ್ಮಂದಿರ ಸಹಿ ಅಂತ ಓಡಾಟ ಶುರು. ಮಾಡು ಬಿಚ್ಚಿದ ಮೇಲೆ ಈ ಓಡಾಟ ಶುರುವಾದರೆ ದುಡ್ಡು ಬರೋದು ಮಳೆ ಬಂದ ಮೇಲೆ. ಸಾಲ ಮಂಜೂರಾಗಿ ಮೊದಲ ಕಂತು ಖಾತೆಗೆ ಬೀಳೋವರೆಗೆ ಒಂದು ಹೆಂಚನ್ನೂ ಅಲ್ಲಾಡಿಸಬಾರದು.

ಮಹಡಿಗೆ ಬೇರೆ ಮೀಟರ್ ಹಾಕಿಸೋ ಯೋಚನೆ ಇದ್ದರೆ ಮೊದಲೇ ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಬೇಕು. ಸ್ವಾಧೀನ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ಹೊಸ ಸಂಪರ್ಕಕ್ಕೆ ತೊಡಕಾಗಿದ್ದು ಎಲ್ಲರಿಗೂ ಗೊತ್ತಿದೆ.

ಹಿಂದಿನಿಂದ ಲೆಕ್ಕ ಹಾಕಿ

ಯಾವಾಗ ಶುರು ಮಾಡೋಣ ಅಂತ ಕೇಳೋ ಬದಲು ಯಾವತ್ತು ಮುಚ್ಚಿರಬೇಕು ಅಂತ ಹಿಡಿದು ಹಿಂದಕ್ಕೆ ಬರಬೇಕು. ಮಾಡಿನ ಕೆಲಸ ಇರೋ ಮನೆಗೆ ಈ ವರ್ಷದ ಲೆಕ್ಕ ಹೀಗೆ:

- ಮಾರ್ಚ್ 19: ಕೊನೇ ಹೆಂಚು ಕೂತಿರಬೇಕು.
- ಫೆಬ್ರವರಿ 12ರ ಸುಮಾರು: ಹೆಂಚು ಇಳಿಸೋಕೆ ಶುರು. ನಾಲ್ಕು ವಾರ ಕೆಲಸಕ್ಕೆ, ಒಂದು ವಾರ ಕೈತಪ್ಪಿಗೆ. ಇಡೀ ಮಾಡು ಒಟ್ಟಿಗೆ ಬಿಚ್ಚದೆ ಒಂದು ಭಾಗ ಮುಚ್ಚಿ ಇನ್ನೊಂದು ಭಾಗ ಬಿಚ್ಚಿದರೆ ಮನೆಯವರು ಮಲಗೋಕೆ ಜಾಗ ಇರುತ್ತೆ.
- ಫೆಬ್ರವರಿ ಮೊದಲ ವಾರ: ಗೆದ್ದಲು ಎಣ್ಣೆ ಬಳಿದ ಮರ, ಹೆಚ್ಚುವರಿ ಹೆಂಚು, ಮೊಳೆ ಎಲ್ಲ ಮನೆ ಹತ್ತಿರ ಬಂದಿರಬೇಕು. ಅಟ್ಟ ಖಾಲಿ ಆಗಿರಬೇಕು.
- ಡಿಸೆಂಬರ್, ಜನವರಿ: ಮರ ಕೊಯ್ಯಿಸಿ ಒಣಗೋಕೆ ಇಡೋದು. ಟೈಲ್ಸ್, ಕಮೋಡ್, ನಲ್ಲಿ, ಸ್ವಿಚ್ ಬೋರ್ಡ್ ಜಾಗ ಎಲ್ಲ ತೀರ್ಮಾನ. ಟೈಲ್ಸ್ ಬೇಕಾದ್ದಕ್ಕಿಂತ ಶೇ 10ರಷ್ಟು ಹೆಚ್ಚಿಗೆ, ಒಂದೇ ಬ್ಯಾಚಿನದ್ದು.
- ಈ ನವೆಂಬರ್: ಬಡಗಿಯಿಂದ ಮಾಡು ತಪಾಸಣೆ, ಮೇಸ್ತ್ರಿ ಜೊತೆ ಬರಹದ ಮಾತುಕತೆ, ಖಾತೆ, ಸಾಲದ ಅರ್ಜಿ.

ಮಾಡು ಮುಚ್ಚಿದ ಮೇಲೆ ಉಳಿದದ್ದಕ್ಕೆ ಅಷ್ಟು ಗಾಬರಿ ಬೇಡ. ಗಾರೆ ಕೆಲಸ ಏಪ್ರಿಲ್ ಮಧ್ಯದೊಳಗೆ ಮುಗಿದರೆ ಒಣಗೋಕೆ ಬಿಸಿಲು ಸಿಗುತ್ತೆ. ವೈರಿಂಗ್, ಒಳಗಿನ ಟೈಲ್ಸ್, ಕಪಾಟು ಮಳೆ ಬಂದರೂ ನಡೆಯುತ್ತೆ. ಮಳೆ ದಿನ ಮೇಸ್ತ್ರಿಗೂ ಪುರುಸೊತ್ತು ಇರುತ್ತೆ. ಪುಟ್ಟಿ, ಬಣ್ಣ ಮಾತ್ರ ಮಳೆಗಾಲದಲ್ಲಿ ಬೇಡ. ಬಣ್ಣ ಇಲ್ಲದ ಮನೆಯಲ್ಲಿ ನಾಲ್ಕು ತಿಂಗಳು ಇದ್ದರೆ ಏನೂ ಆಗಲ್ಲ, ದಸರಾಕ್ಕೆ ಹೊಡೆಸಿದರಾಯ್ತು.

ಇನ್ನೊಂದು ಮಾತನ್ನ ಗಟ್ಟಿ ಮನಸ್ಸು ಮಾಡಿ ಒಪ್ಪಿಕೊಳ್ಳಬೇಕು. ಫೆಬ್ರವರಿ ಮುಗಿಯೋ ಹೊತ್ತಿಗೂ ಮರ, ದುಡ್ಡು, ಆಳು ಮೂರರಲ್ಲಿ ಒಂದು ಬಾಕಿ ಇದ್ದರೂ ಈ ವರ್ಷ ಮಾಡು ಮುಟ್ಟಬಾರದು. ಒಡೆದ ಹೆಂಚು ಬದಲಿಸಿ, ಸೋರೋ ಮೂಲೆಗೆ ತಗಡು ಕೊಟ್ಟು, ಬೀಳೋ ಹಾಗಿರೋ ಪಕಾಸಿಗೆ ಕೆಳಗಿಂದ ಒಂದು ಆಸರೆ ನಿಲ್ಲಿಸಿ ಇನ್ನೊಂದು ಮಳೆಗಾಲ ಕಳೆದರಾಯ್ತು. ಸೋರೋ ಮಾಡಿನ ಕೆಳಗೆ ಬೋಗುಣಿ ಇಟ್ಟು ಮಲಗಬಹುದು. ಮಾಡೇ ಇಲ್ಲದಿದ್ದರೆ ಎಂಬತ್ತು ವರ್ಷದ ಅಜ್ಜಿಯನ್ನ ಜೂನ್ ತಿಂಗಳಲ್ಲಿ ಯಾರ ಮನೆಗೆ ಕಳಿಸೋದು?